ಡಯಾಲಿಸಿಸ್‌ನಲ್ಲಿರುವ ಅಪ್ಪನಿಗೆ ಯೋಗ ಮಾಡಿಸಬಹುದೇ?

ನಿಮ್ಮ ಪ್ರಶ್ನೆ ಓದಿ ಡಯಾಲಿಸಿಸ್‌ನ ನನ್ನ ಮೊದಲ ವರ್ಷ ನೆನಪಾಯಿತು. ನಿಮ್ಮ ಅಪ್ಪನಿಗೆ 61, ಎಂಟು ತಿಂಗಳಿಂದ ಮಂಗಳೂರಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್, ಮನೆಗೆ ಬಂದರೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಯೋಗ ಮಾಡಿದರೆ ಕಿಡ್ನಿ ಸರಿಯಾಗುತ್ತದೆ ಎಂದು ಒಬ್ಬ ನೆಂಟರು ಹೇಳುತ್ತಾರೆ, ಕೈ ಕೂಡ ಎತ್ತಬಾರದು ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ನಾನು ಉಡುಪಿಯವಳು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಯಿತು, ಡಯಾಲಿಸಿಸ್ ಶುರುವಾಗಿ ಇದು ಐದನೇ ವರ್ಷ. ವೈದ್ಯೆಯಲ್ಲ, ಯೋಗ ಶಿಕ್ಷಕಿಯೂ ಅಲ್ಲ. ಆದರೆ ಇಪ್ಪತ್ತು ವರ್ಷ ಯೋಗ ಮಾಡಿದ್ದೆ, ಈ ಕಾಯಿಲೆ ಬಂದ ಮೇಲೆ ಅದನ್ನು ಮೊದಲಿನಿಂದ ಕಲಿಯಬೇಕಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

ಕಿಡ್ನಿ ಸರಿಯಾಗುತ್ತದೆ ಎಂಬ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ಶಕ್ತಿಯ ಅಳತೆ, 15ಕ್ಕಿಂತ ಕೆಳಗೆ ಇಳಿದರೆ ಅದು ಐದನೇ, ಅಂದರೆ ಕೊನೆಯ ಹಂತ. ದೀರ್ಘಕಾಲದ ಕಾಯಿಲೆಯಲ್ಲಿ ಹೀಗೆ ಸವೆದುಹೋದ ಕಿಡ್ನಿಯನ್ನು ಯಾವ ಆಸನವೂ ಹಿಂದೆ ತರುವುದಿಲ್ಲ. ಈ ಆಸೆಯಲ್ಲಿ ಒಂದು ಡಯಾಲಿಸಿಸ್ ತಪ್ಪಿಸಿದರೂ ಜೀವಕ್ಕೆ ಅಪಾಯ. ಇನ್ನೊಬ್ಬರು ಹೇಳುವ ಹಾಗೆ ಮಲಗಿಯೇ ಇದ್ದರೂ ಕಷ್ಟ: ಈ ಕಾಯಿಲೆಯಲ್ಲಿ ಮಾಂಸಖಂಡ ಬೇಗ ಕರಗುತ್ತದೆ, ತೊಡೆಯ ಬಲ ಹೋದ ಮೇಲೆ ಶೌಚಾಲಯಕ್ಕೆ ಹೋಗಲೂ ಒಬ್ಬರ ಹೆಗಲು ಬೇಕು. ಕಿಡ್ನಿ ಕಾಯಿಲೆಗೆ ಮಾರ್ಗಸೂಚಿ ರೂಪಿಸುವ ಅಂತಾರಾಷ್ಟ್ರೀಯ ಸಂಸ್ಥೆಯಾದ ಕೆಡಿಗೋ 2024ರ ಮಾರ್ಗಸೂಚಿಯಲ್ಲಿ ಕಿಡ್ನಿ ಕಾಯಿಲೆಯವರಿಗೆ ವಾರಕ್ಕೆ 150 ನಿಮಿಷದ ಮಧ್ಯಮ ಚಟುವಟಿಕೆ, ಇಲ್ಲವೇ ಹೃದಯ ಮತ್ತು ಮೈ ತಾಳುವಷ್ಟು, ಎಂದು ಹೇಳಿದೆ. ನಿಮ್ಮ ಅಪ್ಪನಿಗೆ ಈಗ ಬೇಕಾದದ್ದು ಆ ಎರಡನೇ ಅರ್ಧ. 2007ರಲ್ಲಿ ಪ್ರಕಟವಾದ ತುರ್ಕಿಯ ಒಂದು ಅಧ್ಯಯನದಲ್ಲಿ ಡಯಾಲಿಸಿಸ್‌ನವರಿಗೆ 3 ತಿಂಗಳು, ವಾರಕ್ಕೆ 2 ಸಲ, ಅರ್ಧ ಗಂಟೆಯ ಸರಳ ಯೋಗ ಮಾಡಿಸಿದ್ದರು. ನೋವು, ಸುಸ್ತು, ನಿದ್ದೆ, ಕೈ ಹಿಡಿತ ಇವೆಲ್ಲ ಸುಧಾರಿಸಿದವು. ಚಿಕ್ಕ ಅಧ್ಯಯನ, ಆದರೆ ನನ್ನ ಮೈ ಹೇಳುವುದೂ ಅದನ್ನೇ. ವಿಶೇಷವಾಗಿ ನಿದ್ದೆ.

ಇನ್ನು ನಾನು ಮಾಡಿದ ತಪ್ಪು. ಡಯಾಲಿಸಿಸ್ ಶುರುವಾದ ಮೂರನೇ ವಾರ, ಮೊದಲಿನಂತೆ ಇರಬೇಕೆಂಬ ಹಟದಲ್ಲಿ, ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಸಂಜೆ ಸೂರ್ಯನಮಸ್ಕಾರಕ್ಕೆ ನಿಂತೆ. ಎರಡನೇ ಸುತ್ತಿನಲ್ಲಿ ಬಗ್ಗಿ ಎದ್ದದ್ದಷ್ಟೇ ಗೊತ್ತು. ಕಣ್ಣು ಕತ್ತಲೆ ಬಂದು ಚಾವಡಿಯ ಕೆಂಪು ನೆಲದ ಮೇಲೆ ಬಿದ್ದೆ, ಅದೂ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇದ್ದ ಎಡಗೈ ಅಡಿಗೆ ಸಿಕ್ಕಿ. ಬೆಳಿಗ್ಗೆಯಷ್ಟೇ ನಾಲ್ಕು ಗಂಟೆಯಲ್ಲಿ ಎರಡೂವರೆ ಲೀಟರ್ ನೀರು ತೆಗೆದಿದ್ದರು, ಬಿಪಿ ಇಳಿದೇ ಇತ್ತು. ಆ ರಾತ್ರಿ ಹತ್ತು ಸಲ ಕೈ ಮುಟ್ಟಿ ನೋಡಿಕೊಂಡೆ. ಒಳಗಿನ ಝುಂ ಎನ್ನುವ ಕಂಪನ, ಮಿಕ್ಸಿ ಓಡುವಾಗ ಕಟ್ಟೆ ಅದುರಿದ ಹಾಗೆ ಇರುವುದು, ನಿಂತಿರಲಿಲ್ಲ. ನಿಂತಿದ್ದರೆ ಆಗಲೇ ಆಸ್ಪತ್ರೆಗೆ ಓಡಬೇಕಿತ್ತು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋದರೆ ಆ ದಾರಿ ಉಳಿಸಲು ಸಮಯ ಕಡಿಮೆ.

ಯಾವ ಆಸನ ಎನ್ನುವುದಕ್ಕಿಂತ ಯಾವ ದಿನ ಎನ್ನುವುದು ದೊಡ್ಡದು ಎಂದು ಅಂದು ಅರ್ಥವಾಯಿತು. ನಮ್ಮ ಮೈ ಸೋಮವಾರ ಇದ್ದ ಹಾಗೆ ಮಂಗಳವಾರ ಇರುವುದಿಲ್ಲ.

ನನ್ನದು ಸೋಮ, ಬುಧ, ಶುಕ್ರ. ಆ ದಿನಗಳಲ್ಲಿ ಮನೆಯಲ್ಲಿ ಆಸನವೇ ಇಲ್ಲ. ಆಸ್ಪತ್ರೆಯ ಕುರ್ಚಿಯಲ್ಲೇ, ಮೊದಲ ಒಂದೆರಡು ಗಂಟೆಯೊಳಗೆ, ಪಾದವನ್ನು ಮೇಲೆ ಕೆಳಗೆ ಮಾಡುತ್ತೇನೆ, ಹಿಮ್ಮಡಿ ಜಾರಿಸಿ ಮಂಡಿ ಮಡಿಸುತ್ತೇನೆ. ಸೂಜಿ ಚುಚ್ಚಿದ ಕೈ ಅಲುಗಾಡಬಾರದು. ಟೆಕ್ನಿಷಿಯನ್‌ಗೆ ಹೇಳಿಯೇ ಮಾಡುವುದು, ಕೊನೆಯ ಗಂಟೆಗಳಲ್ಲಿ ಬಿಪಿ ಇಳಿಯುವ ಸಂಭವ ಹೆಚ್ಚು ಎಂದು ಆಗ ಸುಮ್ಮನಿರುತ್ತೇನೆ. ಸೂಜಿ ಹಾಕುವ ಹೊತ್ತಿಗೆ ಉಸಿರನ್ನು ಮೂಗಿನಿಂದ ನಿಧಾನ ಬಿಡುತ್ತಾ ಐದರ ತನಕ ಎಣಿಸುತ್ತೇನೆ. ಚುಚ್ಚಿದ ನೋವು ಹೋಗುವುದಿಲ್ಲ, ಹೆಗಲು ಬಿಗಿಯುವುದು ಹೋಗುತ್ತದೆ. ಮನೆಗೆ ಬಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿ ಯೋಗನಿದ್ರೆ, ಅಷ್ಟೇ.

ಮರುದಿನ ಬೆಳಿಗ್ಗೆ ನನ್ನ ಒಳ್ಳೆಯ ದಿನ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡುತ್ತೇನೆ. ಕೂತಲ್ಲೇ ಉಸಿರು ತೆಗೆದುಕೊಳ್ಳುತ್ತಾ ಬೆನ್ನು ನೇರ ಮಾಡಿ ಎದೆ ಅರಳಿಸುವುದು, ಬಿಡುತ್ತಾ ಬೆನ್ನು ದುಂಡಗೆ ಮಾಡುವುದು. ನೆಲದ ಮೇಲೆ ಕೈ, ಮಂಡಿ ಊರಿ ಬೆಕ್ಕಿನ ಹಾಗೆ ಮಾಡುವ ಮಾರ್ಜಾರಿ ಆಸನ ಮಾಡಿದರೆ ಭಾರ ಫಿಸ್ಟುಲಾ ಕೈ ಮೇಲೆ ಬೀಳುತ್ತದೆ, ಅದಕ್ಕೇ ಕುರ್ಚಿ. ಭುಜ ತಿರುಗಿಸುವುದು, ಬಿಗಿಯದೆ ಸಣ್ಣ ತಿರುವು, ಒಂದೊಂದೇ ಕಾಲು ಚಾಚುವುದು. ಆಮೇಲೆ ಮುಖ್ಯವಾದದ್ದು: ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ವಾರ ಮೂರು ಸಲಕ್ಕೆ ಕಾಲು ನಡುಗಿತ್ತು, ಈಗ ಹತ್ತರಂತೆ ಎರಡು ಸುತ್ತು. ಕೊನೆಗೆ ಕಿಟಕಿಯ ಸರಳು ಹಿಡಿದು ತಾಡಾಸನ, ವೃಕ್ಷಾಸನದಲ್ಲಿ ಪಾದ ಮಂಡಿಯ ತನಕ ಹೋಗಬೇಕಿಲ್ಲ, ಹೆಬ್ಬೆರಳು ನೆಲದಲ್ಲೇ ಇರಲಿ. ಎಲ್ಲ ಸೇರಿ 20 ನಿಮಿಷ. ಮಾತನಾಡಲು ಆಗದಷ್ಟು ಏದುಸಿರು ಬಂದರೆ ಅದು ಹೆಚ್ಚಾಯಿತು.

ಭಾನುವಾರ ಬೇರೆ ಲೆಕ್ಕ. ಎರಡು ದಿನದ ಅಂತರದಲ್ಲಿ ಮೈಯಲ್ಲಿ ನೀರು ಸೇರಿರುತ್ತದೆ, ಪಾದ ಬಾತಿರುತ್ತದೆ. ಆ ದಿನ ಕೂತು ನಾಡಿಶೋಧನ (ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವುದು), ಭ್ರಾಮರಿ (ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವುದು) ಮಾತ್ರ. ಅಂಗಾತ ಮಲಗಿದರೆ ಉಸಿರು ಕಟ್ಟಿದ ಹಾಗಾದರೆ ಅದನ್ನು ಯೋಗದಿಂದ ಸರಿಮಾಡಲು ಹೋಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಮಾಡಲೇಬಾರದ್ದು ಕೆಲವು ಉಂಟು. ಉಸಿರು ಹಿಡಿದಿಡುವ ಕುಂಭಕ, ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಬೇಡ. ತಲೆ ಕೆಳಗಾಗುವ ಯಾವುದೂ ಬೇಡ, ಬಿಪಿ ಇರುವುದರಿಂದ ಮಾತ್ರವಲ್ಲ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗಿದ್ದರೆ ರಕ್ತಸ್ರಾವ ಆಗಬಹುದು. ಭುಜಂಗಾಸನದಂತೆ ಕೈ ಮೇಲೆ ಭಾರ ಹಾಕುವುದು ಬೇಡ. ಒತ್ತಿ ಬಗ್ಗಿಸುವುದು ಬೇಡ, ಈ ಕಾಯಿಲೆಯಲ್ಲಿ ಮೂಳೆಯೂ ದುರ್ಬಲ. ಎಲ್ಲಕ್ಕಿಂತ ಹೆಚ್ಚಾಗಿ ಶಂಖಪ್ರಕ್ಷಾಲನ. ಮೈ ಶುದ್ಧಿಯಾಗುತ್ತದೆ ಎಂದು ಉಪ್ಪು ನೀರು ಲೀಟರ್‌ಗಟ್ಟಲೆ ಕುಡಿಸುವವರು ಇದ್ದಾರೆ. ಮೂತ್ರವೇ ಸರಿಯಾಗಿ ಹೋಗದ ಮನುಷ್ಯನಿಗೆ ಆ ಉಪ್ಪು, ಆ ನೀರು ಎಲ್ಲಿಗೆ ಹೋಗಬೇಕು? ಶ್ವಾಸಕೋಶಕ್ಕೆ. ದಯವಿಟ್ಟು ಯಾರು ಹೇಳಿದರೂ ಮಾಡಿಸಬೇಡಿ.

ನಮ್ಮ ಊರಿನದೇ ಇನ್ನೊಂದು ಅಪಾಯ: ಯೋಗ ಮುಗಿದ ಮೇಲೆ ಪ್ರೀತಿಯಿಂದ ಕೈಗೆ ಕೊಡುವ ಬೊಂಡ, ಅಂದರೆ ಎಳನೀರು. ಅದರಲ್ಲಿ ಪೊಟ್ಯಾಸಿಯಂ ತುಂಬಾ, ಡಯಾಲಿಸಿಸ್‌ನವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಹಿತ್ತಿಲಿನ ದಾರೆಹುಳಿಯನ್ನು (ಸ್ಟಾರ್ ಫ್ರೂಟ್) ಒಂದು ಹೋಳೂ ಕೊಡಬೇಡಿ. ಅದರಲ್ಲಿರುವ ವಿಷ ನಮ್ಮ ಕಿಡ್ನಿಯಿಂದ ಹೊರಹೋಗುವುದಿಲ್ಲ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತದೆ.

ಶಿಕ್ಷಕರು ಬೇಕೆಂದರೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಯೋಗವಿಜ್ಞಾನ ವಿಭಾಗ ಉಂಟು, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜು ಉಂಟು. ಅಲ್ಲಿ ಕಲಿತವರು ನಮ್ಮ ಎರಡೂ ಜಿಲ್ಲೆಯಲ್ಲಿ ಸಿಗುತ್ತಾರೆ. ಮೊದಲ ದಿನವೇ ರಿಪೋರ್ಟ್ ಕೇಳಿ, ಫಿಸ್ಟುಲಾ ಯಾವ ಕೈ ಎಂದು ವಿಚಾರಿಸುವವರಾದರೆ ಧೈರ್ಯವಾಗಿ ಒಪ್ಪಿಸಿ. ಕೇಳದವರಾದರೆ ಬೇಡ. ಅದಕ್ಕೂ ಮೊದಲು ಕಿಡ್ನಿ ವೈದ್ಯರಾದ ನೆಫ್ರಾಲಜಿಸ್ಟ್ ಹತ್ತಿರ ಕೇಳಿಕೊಳ್ಳಿ, ಹೃದಯದ ಎಕೋ ಸ್ಕ್ಯಾನ್ ನೋಡಿ ಎಷ್ಟು ಮಾಡಬಹುದು, ಬಿಪಿ ಎಷ್ಟಿದ್ದರೆ ಮಾಡಬಾರದು ಎಂದು ಅವರು ಹೇಳುತ್ತಾರೆ.

ನಿಮ್ಮ ಅಪ್ಪ ಹಾಸಿಗೆ ಬಿಡುವುದಿಲ್ಲ ಎಂದಿರಿ. ನಾನೂ ಐದು ತಿಂಗಳು ಹಾಗೇ ಇದ್ದೆ, ಸೋಮಾರಿತನ ಎಂದುಕೊಳ್ಳಬೇಡಿ, ಆ ಸುಸ್ತು ಎಲುಬಿನೊಳಗೆ ಇರುತ್ತದೆ. ಯೋಗ ಎಂಬ ಹೆಸರು ಹೇಳದೆ, ಡಯಾಲಿಸಿಸ್ ಇಲ್ಲದ ದಿನ ಸಂಜೆ ವಾರ್ತೆ ನೋಡುವಾಗ ಹಾಸಿಗೆಯಿಂದ ಕುರ್ಚಿಗೆ ಬರಲು ಹೇಳಿ. ನೀವೂ ಪಕ್ಕದಲ್ಲಿ ಕೂತು ಪಾದ ಆಡಿಸಿ. ನನ್ನ ಮಗಳು ಹಾಗೆಯೇ ಶುರುಮಾಡಿಸಿದ್ದು.

ಅವರಿಗೆ ಫಿಸ್ಟುಲಾ ಯಾವ ಕೈಯಲ್ಲಿ, ಇನ್ನೂ ಕುತ್ತಿಗೆಯ ಕ್ಯಾಥೆಟರ್ (ಡಯಾಲಿಸಿಸ್‌ಗೆ ಹಾಕಿದ ಕೊಳವೆ) ಉಂಟಾ, ಸಕ್ಕರೆ ಕಾಯಿಲೆ ಉಂಟಾ, ಯಾವ ಯಾವ ದಿನ ಡಯಾಲಿಸಿಸ್ ಎಂದು ಬರೆಯಿರಿ. ಅವರ ವಾರಕ್ಕೆ ಹೊಂದುವ ಹಾಗೆ ನಾನು ಮಾಡುವುದನ್ನು ದಿನದ ಲೆಕ್ಕದಲ್ಲಿ ಬರೆದು ಹಾಕುತ್ತೇನೆ, ಅದನ್ನು ಅವರ ಡಾಕ್ಟರಿಗೆ ತೋರಿಸಿಯೇ ಶುರುಮಾಡಿ.