ಬಾಲಮಂದಿರ ಬಿಡುವ ಹುಡುಗನಿಗೆ ಕೆಲಸ ಕೊಡಿಸಿದರೆ ಸಾಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯವೇ. ಬಾಲಮಂದಿರದಲ್ಲಿ ಬೆಳೆದ ಮಕ್ಕಳು ಹದಿನೆಂಟು ತುಂಬಿ ಹೊರಗೆ ಬರುವಾಗ ಅವರಿಗೆ ಏನು ಬೇಕು ಅಂತ ಕೇಳುವವರು ಕಡಿಮೆ. ಅವರಿಂದ ನಮಗೇನಾದರೂ ತೊಂದರೆ ಆಗುತ್ತದಾ ಅಂತ ಕೇಳುವವರೇ ಹೆಚ್ಚು. ಅದಕ್ಕೇ ಒಂದು ಪ್ರಶ್ನೆಗೆ ಜಾಗ ಕೊಟ್ಟು ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ ಆರು ವರ್ಷದಿಂದ ನಮ್ಮೂರಿನ ಬಾಲಮಂದಿರಕ್ಕೆ ಹೋಗಿ ಬರುತ್ತಿದ್ದೇವೆ. ಅಲ್ಲಿಯ ಒಬ್ಬ ಹುಡುಗ ನಮ್ಮನ್ನು ತುಂಬ ಹಚ್ಚಿಕೊಂಡಿದ್ದಾನೆ. ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ. ಇನ್ನು ನಾಲ್ಕು ತಿಂಗಳಿಗೆ ಹದಿನೆಂಟು ತುಂಬುತ್ತದೆ, ಆಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ ಎನ್ನುತ್ತಾರೆ. ಪರಿಚಯದವರ ಹೋಟೆಲ್‌ನಲ್ಲಿ ಊಟ, ವಸತಿ ಸಮೇತ ಕೆಲಸ ಗೊತ್ತು ಮಾಡಿದ್ದೇವೆ. ಇಷ್ಟು ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಡುಗನಿಗೆ ಏನು ಇಷ್ಟ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಮೊದಲು ಅವನನ್ನು ಕೂರಿಸಿಕೊಂಡು ಕೇಳಿ. ಸುಲಭಕ್ಕೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ಇಷ್ಟು ವರ್ಷ ಅವನನ್ನು ಯಾರೂ ಏನೂ ಕೇಳಿಲ್ಲ, ಯಾವ ಶಾಲೆ, ಯಾವ ಬಟ್ಟೆ, ರಾತ್ರಿಗೆ ಏನು ಊಟ, ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡಿದ್ದಾರೆ. "ನೀವು ಹೇಳಿದ ಹಾಗೆ ಆಂಟಿ" ಅಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ.

ಇನ್ನು ಆ ಕೆಲಸದ ವಿಷಯ. ಊಟ, ವಸತಿ ಸಮೇತ ಕೆಲಸ ಅಂದರೆ ಎಲ್ಲರಿಗೂ ಸಮಾಧಾನ. ನನಗೆ ಭಯ. ಹಿಂದೆ ನಾನೇ ಒಬ್ಬ ಹುಡುಗನನ್ನು ಹಾಗೆ ಸೇರಿಸಿದ್ದೆ. ಏಳನೇ ತಿಂಗಳಿಗೆ ಮಾಲೀಕರ ಜತೆ ಮಾತಿಗೆ ಮಾತು ಬೆಳೆದು ಕೆಲಸ ಹೋಯಿತು. ಕೆಲಸದ ಜತೆಗೇ ಮಲಗುವ ಜಾಗವೂ ಹೋಯಿತು, ಊಟವೂ ಹೋಯಿತು, ಒಂದೇ ಸಂಜೆಯಲ್ಲಿ. ಮೂರು ರಾತ್ರಿ ಬಸ್ ಸ್ಟ್ಯಾಂಡ್‌ನಲ್ಲಿ ಕಳೆದ. ನನಗೆ ಫೋನ್ ಮಾಡಲಿಲ್ಲ. ಕೆಲಸ ಕೊಡಿಸಿದವರ ಮರ್ಯಾದೆ ತೆಗೆದೆ ಅಂತ ಅವನಿಗೆ ನಾಚಿಕೆ. ಅಂದಿನಿಂದ ಕೆಲಸ ಒಂದು ಕಡೆ, ವಾಸ ಇನ್ನೊಂದು ಕಡೆ ಅನ್ನುವುದನ್ನು ನಾನು ಬಿಟ್ಟುಕೊಟ್ಟಿಲ್ಲ. ಒಂದು ಕಳೆದುಕೊಂಡರೆ ಇನ್ನೊಂದು ಇರಬೇಕು. ಅತಿ ಎಚ್ಚರಿಕೆ ಅಂತ ನೀವು ಅಂದರೂ ಪರವಾಗಿಲ್ಲ.

ಆದರೆ ಅದಕ್ಕೂ ಮೊದಲು, ಹದಿನೆಂಟಕ್ಕೇ ಕೆಲಸಕ್ಕೆ ಹಾಕಬೇಕು ಅಂತ ನಿಮಗೆ ಹೇಳಿದವರು ಯಾರು? ನಿಮ್ಮ ಸ್ವಂತ ಮಗನನ್ನು ಪಿಯುಸಿ ಮುಗಿದ ತಕ್ಷಣ ಹೋಟೆಲ್‌ಗೆ ಕಳಿಸುತ್ತಿದ್ದಿರಾ? ಬಾಲ ನ್ಯಾಯ ಕಾಯ್ದೆ 2015ರಲ್ಲಿ ಅನುಪಾಲನೆ ಅಂತ ಒಂದು ವ್ಯವಸ್ಥೆ ಇದೆ. ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ 21 ವರ್ಷದವರೆಗೆ ನೆರವು ಕೊಡಬಹುದು. ವಿಶೇಷ ಕಾರಣ ಇದ್ದರೆ ಇನ್ನೂ ಎರಡು ವರ್ಷ, ಅಂದರೆ 23ರವರೆಗೆ ಮುಂದುವರಿಸಬಹುದು ಎನ್ನುತ್ತವೆ ಕೇಂದ್ರದ 2016ರ ಮಾದರಿ ನಿಯಮಗಳು. ಆರರಿಂದ ಎಂಟು ಜನ ಒಟ್ಟಿಗೆ ಇರುವ ತಾತ್ಕಾಲಿಕ ವಸತಿ, ತರಬೇತಿ ಸಮಯದಲ್ಲಿ ಸ್ಟೈಪೆಂಡ್, ಮುಂದಿನ ಓದಿಗೆ ವಿದ್ಯಾರ್ಥಿವೇತನ, ಆಪ್ತಸಮಾಲೋಚಕರು, ಸ್ವಂತ ಉದ್ಯೋಗಕ್ಕೆ ಸಾಲ, ಇವೆಲ್ಲ ಆ ನಿಯಮದಲ್ಲೇ ಇವೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ, ಅದು ಹುಡುಗನ ಬ್ಯಾಂಕ್ ಖಾತೆಗೇ ಬರಬೇಕು.

ಕಾಯ್ದೆಯಲ್ಲಿ ಇರುವುದು 'ಕೊಡಬಹುದು' ಅಂತ. 'ಕೊಡಲೇಬೇಕು' ಅಂತ ಅಲ್ಲ. ಹಾಗಾಗಿ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು, ಸಮಯಕ್ಕೆ ಮುಂಚೆ ಕೇಳಬೇಕು. ಹುಡುಗ ಸಂಸ್ಥೆ ಬಿಡುವ ಎರಡು ತಿಂಗಳ ಮುಂಚೆ ಅವನ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು ಅಂತ ನಿಯಮ ಇದೆ. ನಿಮ್ಮ ಹತ್ತಿರ ನಾಲ್ಕು ತಿಂಗಳಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈ ವಾರವೇ ಹೋಗಿ, ಆ ಯೋಜನೆ ಬರೆಯುವವರು ಯಾರು ಅಂತ ಕೇಳಿ, ಅವರು ಬರೆಯುವಾಗ ಹುಡುಗ ಎದುರಿಗೆ ಕೂತಿರಬೇಕು ಅಂತ ಹೇಳಿ. ಅವರಿಗೆ ಕೆಲಸ ಜಾಸ್ತಿ, ಜನ ಕಡಿಮೆ. ಜಗಳ ಆಡಬೇಡಿ, ಆದರೆ ಬಿಡಲೂ ಬೇಡಿ.

ಈಗ ಕಾಗದ ಪತ್ರ. ಹದಿನೆಂಟರ ಹುಟ್ಟುಹಬ್ಬಕ್ಕೆ ಶರ್ಟ್ ತೆಗೆಸುವ ಮೊದಲು ಈ ಕೆಲಸ ಮುಗಿಸಿ. ಅವನ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಣೆ ಆಗಿದೆ ಅಂತ ನೋಡಿ. ಎಷ್ಟೋ ಮಕ್ಕಳದ್ದು ಸಂಸ್ಥೆಯ ಅಧೀಕ್ಷಕರ ನಂಬರ್ ಆಗಿರುತ್ತದೆ. ಅವರು ವರ್ಗ ಆಗಿ ಹೋಗಿರುತ್ತಾರೆ. ಹುಡುಗ ಕೆಲಸಕ್ಕೆ ಸೇರಿ, ಪಿಎಫ್‌ಗೋ ಬ್ಯಾಂಕಿಗೋ ಓಟಿಪಿ ಬೇಕಾದಾಗ ಅದು ಇನ್ಯಾವುದೋ ಜಿಲ್ಲೆಯಲ್ಲಿರುವ ಅಧಿಕಾರಿಯ ಫೋನಿಗೆ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಅವನನ್ನೇ ಕರೆದುಕೊಂಡು ಹೋಗಿ ಅವನದೇ ನಂಬರ್ ಹಾಕಿಸಿ. ಮೈನರ್ ಖಾತೆ ಇದ್ದರೆ ಹದಿನೆಂಟು ಆದ ಮೇಲೆ ಹೊಸದಾಗಿ ಸಹಿ, ಕೆವೈಸಿ ಕೊಡಬೇಕು, ಇಲ್ಲದಿದ್ದರೆ ಇದ್ದ ದುಡ್ಡು ಕೂಡ ಕೈಗೆ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿಸಿ, ಆಸ್ಪತ್ರೆಯ ಚೀಟಿಗಳು, ಸಮಿತಿಯ ಆದೇಶದ ಪ್ರತಿ, ಎಲ್ಲ ಕೇಳಿ ತೆಗೆದುಕೊಳ್ಳಿ. ಚಿಕ್ಕಂದಿನ ಫೋಟೋ ಒಂದಾದರೂ ಇದೆಯಾ ಅಂತ ಕೇಳಿ. ಅದು ಯಾವ ಕಚೇರಿಗೂ ಬೇಡ, ಅವನಿಗೆ ಬೇಕು.

"ಅಪ್ಪನ ಹೆಸರು ಇಲ್ಲದೆ ಏನೂ ಆಗಲ್ಲ" ಅಂತ ಹೇಳಿ ಅನಾಥ ಸರ್ಟಿಫಿಕೇಟ್ ಮಾಡಿಸಿಕೊಡಲು ಸಾವಿರಾರು ರೂಪಾಯಿ ಕೇಳುವ ಏಜೆಂಟರು ಕಚೇರಿಗಳ ಮುಂದೆ ಇರುತ್ತಾರೆ. ಅವರ ಹತ್ತಿರ ಸುಳಿಯಬೇಡಿ. ಮತದಾರರ ಪಟ್ಟಿಯ ಫಾರ್ಮ್ 6ರಲ್ಲಿ ಅನಾಥರಾದರೆ ಪಾಲಕರ ಹೆಸರು ಬರೆಯಲು ಜಾಗ ಇದೆ. ಪಾಸ್‌ಪೋರ್ಟ್‌ಗೆ ಜನನ ದಾಖಲೆ ಇಲ್ಲದ ಅನಾಥ ಮಕ್ಕಳ ವಿಷಯದಲ್ಲಿ ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್‌ನಲ್ಲಿ ಹುಟ್ಟಿದ ದಿನ ದೃಢಪಡಿಸಿ ಕೊಟ್ಟರೆ ನಡೆಯುತ್ತದೆ ಅಂತ 2016ರಲ್ಲೇ ನಿಯಮ ಬದಲಾಗಿದೆ.

ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳಿಸೋಣ ಅಂತಲೂ ಕೇಳಿದ್ದೀರಿ. ಬೇಡ. ಎರಡು ದಿನ ಮೈಕ್ ಹಿಡಿದು ಕೂಗಿ, ಗೆಲುವು ನಿನ್ನ ಕೈಯಲ್ಲಿದೆ ಅಂತ ಹೇಳಿ ಫೀಸ್ ತೆಗೆದುಕೊಳ್ಳುವವರಿಂದ ಈ ಮಕ್ಕಳಿಗೆ ಏನೂ ಆಗುವುದಿಲ್ಲ. ಅವನು ನಿಮ್ಮ ಅಡುಗೆಮನೆಗೆ ಬರಲಿ. ನನಗೆ ಗೊತ್ತಿರುವ ಒಬ್ಬ ಹುಡುಗನಿಗೆ ಐವತ್ತು ಜನಕ್ಕೆ ಅಕ್ಕಿ ಎಷ್ಟು ಹಾಕಬೇಕು ಅಂತ ಗೊತ್ತಿತ್ತು, ಒಬ್ಬನಿಗೆ ಎಷ್ಟು ಅಂತ ಗೊತ್ತಿರಲಿಲ್ಲ. ಇನ್ನೊಬ್ಬ ಗಂಟೆ ಹೊಡೆಯದೆ ಹಸಿವೇ ಆಗುವುದಿಲ್ಲ ಅಂದಿದ್ದ. ಗ್ಯಾಸ್ ಹಚ್ಚುವುದು, ಸಂತೆಯಲ್ಲಿ ತರಕಾರಿ ಚೌಕಾಸಿ, ಎಟಿಎಂ, ಕರೆಂಟ್ ಬಿಲ್, ಜ್ವರ ಬಂದರೆ ಯಾವ ಆಸ್ಪತ್ರೆ, ಇದನ್ನೆಲ್ಲ ಒಂದೊಂದು ಭಾನುವಾರ ಒಂದೊಂದರಂತೆ ಮಾಡಿಸಿ. "ಊರು ಯಾವುದು, ಅಪ್ಪ ಏನ್ ಮಾಡ್ತಾರೆ?" ಅಂತ ಮನೆ ಮಾಲೀಕರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕು, ಎಷ್ಟು ಹೇಳಬೇಕು ಅಂತ ಅವನೇ ಯೋಚಿಸಿ ಇಟ್ಟುಕೊಳ್ಳಲಿ. ಎಲ್ಲರಿಗೂ ಎಲ್ಲ ಹೇಳಬೇಕು ಅಂತೇನಿಲ್ಲ.

ಮೊದಲ ಸಂಬಳ ಖಾಲಿ ಮಾಡುತ್ತಾನೆ. ಶೂ, ಫೋನ್, ಗೆಳೆಯರಿಗೆ ಬಿರಿಯಾನಿ. ಬೈಯಬೇಡಿ. ಎರಡನೇ ಸಂಬಳದ ಹೊತ್ತಿಗೆ ಮಾತಾಡಿ. ಆದರೆ ಲೋನ್ ಆ್ಯಪ್ ಮತ್ತು ಬೇರೆಯವರ ಸಾಲಕ್ಕೆ ಜಾಮೀನು ಸಹಿ, ಈ ಎರಡರಲ್ಲಿ ಮಾತ್ರ ಮೊದಲೇ ಕಟ್ಟುನಿಟ್ಟಾಗಿ ಹೇಳಿಬಿಡಿ. ಸಂಬಳ ಶುರುವಾದ ಮೇಲೆ ಇಷ್ಟು ವರ್ಷ ಕಾಣದ ಚಿಕ್ಕಪ್ಪನೋ ಮಾವನೋ ಹುಡುಕಿಕೊಂಡು ಬರುತ್ತಾರೆ, ಇದು ನಾನು ಮತ್ತೆ ಮತ್ತೆ ನೋಡಿದ ಸಂಗತಿ. ಭೇಟಿ ಮಾಡಬೇಡ ಅಂತ ಹೇಳುವ ಹಕ್ಕು ನಮಗಿಲ್ಲ. ಅವನಿಗೆ ತನ್ನವರನ್ನು ನೋಡುವ ಆಸೆ ಇದ್ದೇ ಇರುತ್ತದೆ. ಮೊದಲ ಸಲ ನೀವೂ ಜತೆಗೆ ಹೋಗಿ.

ಹಬ್ಬ ಬಂದಾಗ ನೋಡಿ. ದೀಪಾವಳಿಗೆ ಪಿಜಿ ಖಾಲಿ ಆಗುತ್ತದೆ, ಮೆಸ್ ಮುಚ್ಚುತ್ತದೆ, ಎಲ್ಲರೂ ಊರಿಗೆ ಹೋಗುತ್ತಾರೆ. ಇವನು ಒಬ್ಬನೇ ಉಳಿಯುತ್ತಾನೆ. ಬಸ್ ಸ್ಟ್ಯಾಂಡ್‌ನಲ್ಲಿ ಮಲಗಿದ ಆ ಹುಡುಗನಿಗೆ ನಾನು ಕೆಲಸ ಕೊಡಿಸಿದ್ದೆ, ಆದರೆ ಕೆಲಸ ಹೋದರೂ ನಮ್ಮ ಮನೆಗೆ ಬಾ ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ. ನೀವು ಹೇಳಿ. ಒಂದು ಸಲ ಅಲ್ಲ, ಹತ್ತು ಸಲ ಹೇಳಿ. "ಕೆಲಸ ಬಿಟ್ಟರೂ ಬಾ, ಜಗಳ ಆಡಿಕೊಂಡರೂ ಬಾ, ತಪ್ಪು ಮಾಡಿದರೂ ಬಾ" ಅಂತ. ಹೇಳುವ ಮೊದಲು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿಕೊಳ್ಳಿ, ಯಾಕೆಂದರೆ ಅವನು ನಿಜಕ್ಕೂ ಬರುತ್ತಾನೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಆಗ ಬಾಗಿಲು ತೆಗೆಯಲು ಆಗುವುದಿಲ್ಲ ಅನ್ನುವಂತಿದ್ದರೆ ಈಗಲೇ ಆ ಮಾತು ಕೊಡಬೇಡಿ. ಅವನಿಗೆ ಮುರಿದ ಮಾತು ಇದೇ ಮೊದಲನೆಯದಲ್ಲ.

ಪ್ರಶ್ನೆ: ಪೋಷಕತ್ವದಲ್ಲಿ ಮಗುವನ್ನು ಮನೆಗೆ ತಂದುಕೊಂಡರೆ ಹದಿನೆಂಟಾದ ಮೇಲೆ ಆಸ್ತಿಯಲ್ಲಿ ಪಾಲು ಕೇಳುತ್ತದಾ?

ಉತ್ತರ: ಇಲ್ಲ. ದತ್ತು ಬೇರೆ, ಪೋಷಕತ್ವ ಬೇರೆ. ಪೋಷಕತ್ವ ಅಂದರೆ ದತ್ತು ತೆಗೆದುಕೊಳ್ಳದೆ ಮಗುವನ್ನು ಮನೆಯಲ್ಲಿಟ್ಟು ಸಾಕುವುದು. ನಿಮ್ಮ ಮೊದಲ ಪ್ರಶ್ನೆಯೇ ಇದಾದರೆ ದಯವಿಟ್ಟು ಮಗುವನ್ನು ತರಬೇಡಿ.

ಪ್ರಶ್ನೆ: ಅನಾಥ ಮಕ್ಕಳಿಗೆಲ್ಲ 23ಕ್ಕೆ ಕೇಂದ್ರದಿಂದ ಹತ್ತು ಲಕ್ಷ ಬರುತ್ತದಂತೆ, ಹೌದಾ?

ಉತ್ತರ: ಎಲ್ಲರಿಗೂ ಅಲ್ಲ. ಅದು ಪಿಎಂ ಕೇರ್ಸ್ ಯೋಜನೆ, ಕೋವಿಡ್ ಕಾಲದಲ್ಲಿ ಹೆತ್ತವರನ್ನು ಕಳೆದುಕೊಂಡು ಆಗಲೇ ನೋಂದಣಿ ಆದ ಮಕ್ಕಳಿಗೆ ಮಾತ್ರ.

ಪ್ರಶ್ನೆ: ಆಶ್ರಮದ ಹೆಣ್ಣುಮಕ್ಕಳಿಗೆ ವರ ಬೇಕು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನೋಂದಣಿಗೆ ದುಡ್ಡು ಕಟ್ಟಬಹುದಾ?

ಉತ್ತರ: ಕಟ್ಟಬೇಡಿ, ಅದು ಮೋಸ. ಕಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಂಥ ಪತ್ರ ತಿಂಗಳಿಗೆ ನಾಲ್ಕಾದರೂ ಬರುತ್ತವೆ, "ಬಡ ಹುಡುಗಿಗೆ ಬಾಳು ಕೊಡುತ್ತೇನೆ" ಅಂತ ಬರೆದಿರುತ್ತಾರೆ. ಆ ಹುಡುಗಿಗೆ ಬಾಳು ಈಗಾಗಲೇ ಇದೆ. ಅವಳಿಗೆ ಬೇಕಾಗಿರುವುದು ನರ್ಸಿಂಗ್ ಸೀಟೋ, ಟೈಲರಿಂಗ್ ಮೆಷಿನ್ನೋ, ಒಂದು ಸುರಕ್ಷಿತ ರೂಮೋ. ಮದುವೆ ಯಾವಾಗ, ಯಾರ ಜತೆ ಅಂತ ಅವಳೇ ನೋಡಿಕೊಳ್ಳುತ್ತಾಳೆ.

ಪ್ರಶ್ನೆ: ಹುಟ್ಟಿದ ಗಳಿಗೆ ಗೊತ್ತಿಲ್ಲದ ಹುಡುಗಿಗೆ ದೋಷ ಇದೆ, ಶಾಂತಿ ಮಾಡಿಸಿ ಅಂದಿದ್ದಾರೆ.

ಉತ್ತರ: ಗಳಿಗೆಯೇ ಗೊತ್ತಿಲ್ಲದ ಮೇಲೆ ದೋಷ ಹೇಗೆ ಗೊತ್ತಾಯಿತು ಅಂತ ಅವರನ್ನೇ ಕೇಳಿ. ಆ ದುಡ್ಡನ್ನು ಅವಳ ಖಾತೆಗೆ ಹಾಕಿ.

ಪ್ರಶ್ನೆ: ಮೇಡಂ, ನನಗೆ 20 ವರ್ಷ. ಬಾಲಮಂದಿರ ಬಿಟ್ಟು ಎರಡು ವರ್ಷ ಆಯಿತು. ಆಗ ಯಾರೂ ಏನೂ ಹೇಳಲಿಲ್ಲ. ಈಗ ಅನುಪಾಲನೆಗೆ ಅರ್ಜಿ ಹಾಕಬಹುದಾ?

ಉತ್ತರ: ಹಾಕಬಹುದಪ್ಪ. ನಿನಗಿನ್ನೂ 21 ಆಗಿಲ್ಲ. ನೀನಿದ್ದ ಸಂಸ್ಥೆಗೆ ಹೋಗಿ ಅಲ್ಲಿದ್ದೆ ಅನ್ನುವುದಕ್ಕೆ ಒಂದು ಪತ್ರ ಕೇಳು. ಅದು ಸಿಗದಿದ್ದರೆ ಅದಕ್ಕೆ ಕಾಯುತ್ತ ಕೂರಬೇಡ, ನೇರವಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಕೊಡು. ಇನ್ನೊಂದು ಪ್ರತಿಯ ಮೇಲೆ ಅವರ ಸೀಲು, ತಾರೀಖು ಹಾಕಿಸಿಕೋ. ತೆಗೆದುಕೊಳ್ಳಲ್ಲ ಅಂದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ವಿಷಯ ಹೇಳಿ ಉಚಿತ ಕಾನೂನು ನೆರವು ಕೇಳು. ಒಬ್ಬನೇ ಹೋಗಲು ಹಿಂಜರಿಕೆ ಆದರೆ ನಿನ್ನ ಜತೆ ಸಂಸ್ಥೆ ಬಿಟ್ಟ ಇನ್ನಿಬ್ಬರನ್ನು ಕರೆದುಕೊಂಡು ಹೋಗು, ಅವರೂ ಅರ್ಜಿ ಹಾಕಿರಲಿಕ್ಕಿಲ್ಲ.