ವಿಜಯಪುರದ ಗ್ರಂಥಾಲಯದಲ್ಲಿ ಪುಕ್ಕಟೆ ಕಾರ್ಯಕ್ರಮ ಏನಾದರೂ ಇರುತ್ತಾ?

ನೀವು ಕೇಳಿದ್ದು: ಮೈಸೂರಿನಿಂದ ವರ್ಗವಾಗಿ ವಿಜಯಪುರಕ್ಕೆ ಬಂದಿದ್ದೇವೆ. ಒಂಬತ್ತು ವರ್ಷದ ಮಗಳಿದ್ದಾಳೆ, ಎಪ್ಪತ್ತು ದಾಟಿದ ಮಾವ ಇದ್ದಾರೆ. ಇಲ್ಲಿನ ಸರ್ಕಾರಿ ಗ್ರಂಥಾಲಯದಲ್ಲಿ ಇವರಿಗೆ ಪುಕ್ಕಟೆಯಾಗಿ ಏನಾದರೂ ನಡೆಯುತ್ತಾ, ಇಲ್ಲ ಬರೀ ಪೇಪರ್ ಓದೋದಾ?

ನಡೆಯುತ್ತೆ. ಆದರೆ ಬೋರ್ಡಿನ ಮೇಲೆ ಬರೆದು ಹಾಕಿರುತ್ತಾರೆ ಅಂದುಕೊಳ್ಳಬೇಡಿ. ಕೌಂಟರಿನಲ್ಲಿ ಕೂತವರನ್ನು ಬಾಯಿಬಿಟ್ಟು ಕೇಳಬೇಕು. ಕೆಲವೊಮ್ಮೆ ನೀವೇ ಶುರು ಮಾಡಬೇಕು. ನಾನು ಹಾಗೇ ಸಿಕ್ಕಿಹಾಕಿಕೊಂಡವಳು.

ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಜಾರಾಗಿ ನಮ್ಮ ಓಣಿಯ ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಹೋಗತೊಡಗಿದೆ. ಒಳಗೆ ಎಲ್ಲಾ ಕುರ್ಚಿ ಭರ್ತಿ. ಪಿಡಿಒ, ಪಿಎಸ್‌ಐ, ಎಫ್‌ಡಿಎ ಅಂತ ಪರೀಕ್ಷೆಗೆ ಓದುವ ಹುಡುಗರು ಮುಂಜಾನೆಯೇ ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿರುತ್ತಾರೆ. ಹೆಂಗಸರು ಬಹಳ ಕಡಿಮೆ. ನಾನು ಯಾರನ್ನೋ ಹುಡುಕಿಕೊಂಡು ಬಂದಿದ್ದೇನೆ ಅಂತ ಮೊದಲ ತಿಂಗಳು ಎಲ್ಲರೂ ಅಂದುಕೊಂಡಿದ್ದರು.

ಒಂದು ದಿನ ಗ್ರಂಥಪಾಲಕರನ್ನು ಕೇಳಿದೆ, "ಮಕ್ಕಳಿಗೆ ಏನೂ ಇಲ್ಲೇನ್ರಿ ಸರ್?" ಅವರು ಕಪಾಟು ತೋರಿಸಿದರು. ಮಕ್ಕಳ ಪುಸ್ತಕ ಬೇಕಾದಷ್ಟಿದ್ದವು, ಕೆಲವನ್ನು ಯಾರೂ ಬಿಚ್ಚಿಯೇ ಇರಲಿಲ್ಲ. "ಪುಸ್ತಕ ಅದಾವ್ರಿ ಅಕ್ಕೋರ, ಜಾಗಾನೂ ಕೊಡ್ತೀನಿ. ಮಾಡೋರು ಯಾರು?" ಅಂದರು. ಬಾಗಿಲು ತೆಗೆಯುವುದರಿಂದ ಹಿಡಿದು ಪೇಪರ್ ಜೋಡಿಸಿ ರಿಜಿಸ್ಟರ್ ಬರೆಯುವವರೆಗೆ ಅವರೊಬ್ಬರೇ. ಅವರನ್ನು ಏನಂತ ಬೈಯುವುದು?

ಹಾಗೆ ಐತಾರದ ಕಥೆ ಶುರುವಾಯಿತು. ಮೊದಲ ವಾರ ಇಬ್ಬರು ಮಕ್ಕಳು, ಅದರಲ್ಲಿ ಒಬ್ಬ ನನ್ನ ಮೊಮ್ಮಗ. ಮೂರನೇ ವಾರಕ್ಕೆ ಹನ್ನೊಂದು ಮಂದಿ ಆದರು, ಗದ್ದಲವೂ ಆಯಿತು. "ಅಕ್ಕೋರ, ನಾಳೆ ಪರೀಕ್ಷಾ ಐತ್ರಿ" ಅಂತ ಒಳಗಿನ ಹುಡುಗನೊಬ್ಬ ಕೈ ಮುಗಿದ. ಅವನದೂ ಸರಿಯೇ. ಅಂದಿನಿಂದ ನಾವು ಹೊರಗೆ ಬೇವಿನ ಮರದ ಕಟ್ಟೆಗೆ ಹೋದೆವು. ಎಂಟಕ್ಕೆ ಶುರು. ಕಟ್ಟೆಯಿಂದ ನೆರಳು ಸರಿದಾಗ ಮುಕ್ತಾಯ. ಏಪ್ರಿಲ್‌ನಲ್ಲಿ ಅದು ಎರಡು ತಾಸು ಕೂಡ ಆಗುವುದಿಲ್ಲ, ಇಲ್ಲಿನ ಬಿಸಿಲು ನಿಮಗಿನ್ನೂ ಗೊತ್ತಿಲ್ಲ ಅನಿಸುತ್ತೆ.

ಕಥೆಗಿಂತ ಒಗಟಿಗೆ ಮಕ್ಕಳು ಜಾಸ್ತಿ ಬರುತ್ತಾರೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?" ಅಂತ ಕೇಳಿದೆ. ಉತ್ತರ ಮಲ್ಲಿಗೆ ಅಂತ ನಾನು ಕಲಿತದ್ದು. ಒಬ್ಬ ಹುಡುಗ "ಹತ್ತಿ ರೀ" ಅಂದ. ಅಲ್ಲಪ್ಪ ಅಂದರೆ ಕೇಳಲಿಲ್ಲ. ಅವರ ಹೊಲದಲ್ಲಿ ಹತ್ತಿ ಒಡೆದಾಗ ಹಾಗೇ ಕಾಣುತ್ತಂತೆ. ಅವನಿಗೂ ಪೂರ್ತಿ ಅಂಕ ಕೊಟ್ಟೆ.

ಇನ್ನೊಂದು ವಾರ ಫ. ಗು. ಹಳಕಟ್ಟಿಯವರ ಕಥೆ ಹೇಳಿದೆ. ಇದೇ ಊರಿನಲ್ಲಿ ವಕೀಲರಾಗಿದ್ದವರು, ಹಳ್ಳಿ ಹಳ್ಳಿ ತಿರುಗಿ ವಚನಗಳ ತಾಡೋಲೆ ಕೂಡಿಸಿದವರು. ಅವನ್ನು ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಮನೆಯನ್ನೇ ಮಾರಿದರು ಅಂತ ಹೇಳಿದ ಕೂಡಲೇ ಒಬ್ಬಳು ಎದ್ದು ನಿಂತು, "ಮತ್ತ ಅವರವ್ವ ಬೈಲಿಲ್ಲೇನ್ರಿ?" ಅಂದಳು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಎಲ್ಲವೂ ಚೆನ್ನಾಗಿ ಆಗಲಿಲ್ಲ ಅನ್ನಿ. ಪ್ರಬಂಧ ಸ್ಪರ್ಧೆ ಇಟ್ಟೆವು. ಏಳು ಬಂದವು, ಐದು ಅಪ್ಪ ಅವ್ವ ಬರೆದುಕೊಟ್ಟದ್ದು. ಅಕ್ಷರ ನೋಡಿದರೇ ತಿಳಿಯುತ್ತಲ್ಲ! ಆಮೇಲೆ ಅದನ್ನು ಬಿಟ್ಟು ಕೇರಂ ಬೋರ್ಡ್ ತಂದೆವು.

ಇಲಾಖೆಯ ಕಾರ್ಯಕ್ರಮಗಳಿಗೆ ಎರಡು ದಿನಾಂಕ ನೆನಪಿಟ್ಟುಕೊಳ್ಳಿ. ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಪುಸ್ತಕ ಪ್ರದರ್ಶನ, ಮಕ್ಕಳಿಗೆ ಸ್ಪರ್ಧೆ ಎಲ್ಲಾ ಸಾಮಾನ್ಯವಾಗಿ ಆಗಲೇ. ಆಗಸ್ಟ್ 12 ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹುಟ್ಟಿದ ದಿನ, ಗ್ರಂಥಪಾಲಕರ ದಿನ ಅಂತ ಆಚರಿಸುತ್ತಾರೆ. ಒಂದು ವಾರ ಮೊದಲೇ ಹೋಗಿ ವಿಚಾರಿಸಿ. ಮುಗಿದ ಮೇಲೆ ಪೇಪರಿನಲ್ಲಿ ಫೋಟೋ ನೋಡಿ ಹೊಟ್ಟೆ ಉರಿದುಕೊಳ್ಳುವುದು ಬೇಡ.

ಅಲ್ಲೇ ಕೂತು ಓದಲು ದುಡ್ಡಿಲ್ಲ. ಪುಸ್ತಕ ಮನೆಗೆ ಒಯ್ಯಬೇಕಾದರೆ ಸದಸ್ಯರಾಗಬೇಕು. ವಿಳಾಸದ ದಾಖಲೆ ಕೇಳುತ್ತಾರೆ, ಸ್ವಲ್ಪ ಠೇವಣಿ ಇರುತ್ತೆ, ಬಿಡುವಾಗ ಅದು ವಾಪಸ್. ಸಾಮಾನ್ಯವಾಗಿ ಸೋಮವಾರ ಸೂಟಿ. ಸರ್ಕಾರದ ಡಿಜಿಟಲ್ ಗ್ರಂಥಾಲಯವೂ 2020ರಿಂದ ಇದೆ, ಹೆಸರು ನೋಂದಾಯಿಸಿಕೊಂಡರೆ ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಆದರೆ ಒಂಬತ್ತು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಡಲು ನನಗಂತೂ ಮನಸ್ಸಿಲ್ಲ.

ಹಳ್ಳಿ ಕಡೆ ಮನೆ ಮಾಡಿದ್ದರೆ ನಿಮಗೆ ಇನ್ನೂ ಅನುಕೂಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅನ್ನುತ್ತಾರೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು, ಅಲ್ಲಿ 'ಓದುವ ಬೆಳಕು' ಅನ್ನುವ ಮಕ್ಕಳ ಓದಿನ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಇಂಡಿ ತಾಲೂಕಿನ ನನ್ನ ತವರೂರಲ್ಲಿ ನೋಡಿದೆ. ಚೆಸ್ ಬೋರ್ಡಿನ ಮುಂದೆ ನಾಲ್ಕು ಹುಡುಗಿಯರು, ಸುತ್ತ ಸಲಹೆ ಕೊಡಲು ಹತ್ತು ಮಂದಿ. ನಿಜ ಹೇಳಬೇಕೆಂದರೆ ನಮ್ಮ ಸಿಟಿ ಶಾಖೆಗಿಂತ ಅದೇ ಚಂದ.

ಇನ್ನು ಮಾವನವರ ಬಗ್ಗೆ ಚಿಂತೆ ಬೇಡ. ಮುಂಜಾನೆ ಬಾಗಿಲು ತೆಗೆಯುವ ಹೊತ್ತಿಗೆ ಕಳಿಸಿ. ಅಲ್ಲಿ ಅಜ್ಜಂದಿರ ಒಂದು ಗುಂಪಿರುತ್ತೆ. ಒಂದೇ ಪೇಪರನ್ನು ಪುಟ ಪುಟ ಹಂಚಿಕೊಂಡು ಓದಿ, ಆಮೇಲೆ ಹೊರಗೆ ಚಹಾ ಕುಡಿಯುತ್ತಾ ಅದೇ ಸುದ್ದಿಗೆ ಜಗಳ ಆಡುತ್ತಾರೆ. ವಾರದೊಳಗೆ ಅವರಿಗೆ ನಿಮಗಿಂತ ಜಾಸ್ತಿ ಪರಿಚಯ ಆಗಿರುತ್ತೆ.

ಕೇಳಲು ಸಂಕೋಚ ಬೇಡ. ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಇರುತ್ತೆ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯಕ್ಕೆಂದೇ ಹೋಗುತ್ತೆ. ಬಾಡಿಗೆ ಮನೆ ಅಂದರೂ ಮಾಲೀಕರು ಅದನ್ನು ನಿಮ್ಮ ಬಾಡಿಗೆಯಲ್ಲೇ ಸೇರಿಸಿರುತ್ತಾರೆ ಬಿಡಿ.

ನಿಮ್ಮ ಮನೆ ಹತ್ತಿರದ ಶಾಖೆಯಲ್ಲಿ ಮಕ್ಕಳ ಗುಂಪು ಇಲ್ಲದಿದ್ದರೆ ಒಂದು ಚಾಪೆ ತೆಗೆದುಕೊಂಡು ಹೋಗಿ, ನಾನು ಕೇಳಿದ್ದನ್ನೇ ಕೇಳಿ. ಅಕಸ್ಮಾತ್ ನಮ್ಮ ಬೇವಿನ ಕಟ್ಟೆಗೇ ಬಂದರೆ, ಮಗಳಿಗೆ ಮೈಸೂರು ಕಡೆಯ ಒಗಟು ನಾಲ್ಕು ಹೇಳಿಕೊಟ್ಟು ಕರೆತನ್ನಿ. ನನ್ನವೆಲ್ಲಾ ಈ ಹುಡುಗರಿಗೆ ಬಾಯಿಪಾಠ ಆಗಿ ಮುಗಿದಿವೆ.