ಟ್ಯೂಬ್ ಗಿಟಾರ್ ಆಂಪ್ಲಿಫೈಯರ್ ಕಾದ ಮೇಲೆ ದನಿ ಒಡೆಯುವುದೇಕೆ?

ಬಳ್ಳಾರಿಯ ನಿಮ್ಮ ಮನೆಯಲ್ಲಿ ಆಂಪ್ಲಿಫೈಯರ್ ಹಚ್ಚಿದ ಅರ್ಧ ಗಂಟೆಯ ನಂತರ, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ತಗ್ಗಿಸಿದ್ದರೂ ದನಿ ಒಡೆಯುತ್ತದೆ ಎಂದು ಕೇಳಿದ್ದೀರಿ. ಬೇರೆ ಗಿಟಾರ್, ಬೇರೆ ಕೇಬಲ್, ಅಷ್ಟೇ ಓಮ್‌ನ ಬೇರೆ ಸ್ಪೀಕರ್ ಹಾಕಿ ನೋಡುವುದು ಮೊದಲ ಕೆಲಸ. ಎಫೆಕ್ಟ್ಸ್ ಲೂಪ್ (ಎಫೆಕ್ಟ್ ಪೆಡಲ್ ಜೋಡಿಸುವ ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್) ಇದ್ದರೆ ಸೆಂಡ್‌ನಿಂದ ರಿಟರ್ನ್‌ಗೆ ಚಿಕ್ಕದೊಂದು ಕೇಬಲ್ ಜೋಡಿಸಿ. ಒಡಕು ನಿಂತರೆ ದೋಷವಿರುವುದು ಜ್ಯಾಕ್‌ನಲ್ಲಿ, ನಮ್ಮೂರಿನ ಧೂಳಿಗೆ ಅದು ಅಪರೂಪವೇನಲ್ಲ. ಪ್ರಿಆಂಪ್‌ನ (ಗಿಟಾರ್ ಸಿಗ್ನಲನ್ನು ಮೊದಲು ಹಿಗ್ಗಿಸುವ ಹಂತದ) 12ಎಎಕ್ಸ್7 ಎಂಬ ಚಿಕ್ಕ ಟ್ಯೂಬ್‌ಗಳನ್ನು, ಸ್ವಿಚ್ ಆರಿಸಿ ಆರಲು ಬಿಟ್ಟು, ಒಂದೊಂದಾಗಿ ಬದಲಿಸಿ ನೋಡಬಹುದು.

ಆದರೆ ಕಾದ ಮೇಲೆಯೇ ಕಾಣಿಸಿಕೊಳ್ಳುವ ಒಡಕಿಗೆ ನಾನು ಮೊದಲು ಶಂಕಿಸುವುದು ಕಪ್ಲಿಂಗ್ ಕೆಪಾಸಿಟರನ್ನು, ಅಂದರೆ ಒಂದು ಹಂತದಿಂದ ಮುಂದಿನದಕ್ಕೆ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ತಡೆಯುವ ಬಿಡಿಭಾಗವನ್ನು. ಅದು ಸೋರತೊಡಗಿದರೆ ಹಿಂದಿನ ಹಂತದ ಡಿಸಿ ವೋಲ್ಟೇಜ್ ಸ್ಪೀಕರ್ ನಡೆಸುವ ಪವರ್ ಟ್ಯೂಬಿನ ಗ್ರಿಡ್‌ಗೆ (ಟ್ಯೂಬಿನೊಳಗಿನ ಹರಿವನ್ನು ನಿಯಂತ್ರಿಸುವ ಜಾಲರಿಗೆ) ನುಗ್ಗಿ ಬಯಾಸ್ (ಆ ಹರಿವನ್ನು ಹದದಲ್ಲಿಡುವ ವೋಲ್ಟೇಜ್) ಕೆಡಿಸುತ್ತದೆ, ಮತ್ತು ಬಿಸಿ ಏರಿದಂತೆ ಈ ಸೋರಿಕೆಯೂ ಏರುತ್ತದೆ. ದೀಪ ಆರಿಸಿ, ಪವರ್ ಟ್ಯೂಬ್‌ಗಳನ್ನು ದಿಟ್ಟಿಸಿ ನೋಡಿ: ಒಳಗಿನ ಹೀಟರಿನ ಕಿತ್ತಳೆ ಬೆಳಕು ಸಹಜ, ಆದರೆ ಅದರ ಸುತ್ತಲಿನ ಬೂದು ಬಣ್ಣದ ಲೋಹದ ಪ್ಲೇಟ್ ಕೆಂಡದಂತೆ ಕೆಂಪಗಾಗಿದ್ದರೆ ತಕ್ಷಣ ಆರಿಸಿ. ಆಗ ಟ್ಯೂಬ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ.

ಬೇಸಿಗೆಯ ಮಧ್ಯಾಹ್ನವೇ ತೊಂದರೆ ಹೆಚ್ಚಾಗುವುದಾದರೆ ಮಲ್ಟಿಮೀಟರ್‌ನಿಂದ ಮನೆಯ ವೋಲ್ಟೇಜನ್ನೂ ಅಳೆಯಿರಿ. 230ಕ್ಕಿಂತ ಬಹಳ ಇಳಿದರೆ ಟ್ಯೂಬ್‌ಗಳಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ದನಿ ಬೇಗ ಒಡೆಯುತ್ತದೆ.

ಚಾಸಿಯನ್ನು (ಒಳಗಿನ ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆಯನ್ನು) ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ನಷ್ಟು ಉಳಿದಿರಬಹುದು. ವಾಲ್ವ್ (ಟ್ಯೂಬ್) ರೇಡಿಯೊ ರಿಪೇರಿ ಮಾಡಿ ಪಳಗಿದ ಹಿರಿಯ ಮೆಕ್ಯಾನಿಕ್ ಸಿಕ್ಕರೆ, ಈ ಕೆಲಸ ಅವರ ಕೈಗೆ ಹೊಸದಲ್ಲ.